ಹೊಸಬರಿಗೆ ಇಟಾಲಿಯನ್ ಉತ್ತಮ

ಅಣ್ಣಿಗೇರಿಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕಾರಕೂನನಾಗಿದ್ದ ಏಕನಾಥ ನಾಡಗೀರನಿಗೆ ಕುಡಿತ, ಇಸ್ಪೀಟು, ತಂಬಾಕು ಯಾವ ಚಟವೂ ಇರಲಿಲ್ಲ. ಇದ್ದದ್ದು ಒಂದೇ. 'ನನಗೆ ಗೊತ್ತಿಲ್ಲ' ಎಂಬ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ದಾರಿ ಕೇಳಿದವರಿಗೆ ಗೊತ್ತಿರಲಿ ಬಿಡಲಿ ಕೈ ತೋರಿಸುತ್ತಿದ್ದ. ಆ ಕೈಯನ್ನು ನಂಬಿ ನವಲಗುಂದಕ್ಕೆ ಹೊರಟ ಬಳೆಗಾರನೊಬ್ಬ ಗದಗಿಗೆ ಹೋಗಿ ಮುಟ್ಟಿ, ಮರಳಿ ಬರುವ ದಾರಿ ಕೇಳಲು ಹೆದರಿ ಅಲ್ಲಿಯೇ ಅಂಗಡಿ ಇಟ್ಟನೆಂದು ಊರಲ್ಲಿ ಹೇಳುತ್ತಿದ್ದರು.

ಎಪ್ಪತ್ತನಾಲ್ಕನೆಯ ಇಸವಿಯ ಶ್ರಾವಣದಲ್ಲಿ, ವರ್ಗವಾಗಿ ಹೊರಟಿದ್ದ ಸ್ಟೇಶನ್ ಮಾಸ್ತರರೊಬ್ಬರು ತಮ್ಮ ಹಳೆಯ ಚೆಸ್ಸಿನ ಪೆಟ್ಟಿಗೆಯನ್ನು ಊರಿನ ವಾಚನಾಲಯಕ್ಕೆ ಕೊಟ್ಟರು. ಏಕನಾಥ ವಾಚನಾಲಯದ ಗೌರವ ಕಾರ್ಯದರ್ಶಿ. ಗೌರವ ಕಾರ್ಯದರ್ಶಿ ಎಂದರೆ ಬಾಗಿಲು ತೆಗೆಯುವವನೂ ಅವನೇ, ಕಸ ಹೊಡೆಯುವವನೂ ಅವನೇ, ಬಹಳಷ್ಟು ದಿನ ಓದುವವನೂ ಅವನೊಬ್ಬನೇ. ಪೆಟ್ಟಿಗೆ ಕೊಡುವಾಗ ಮಾಸ್ತರರು ಸೌಜನ್ಯಕ್ಕೆಂದು ನಿಮಗೆ ಈ ಆಟ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ, ದಸರೆಯಿಂದ ಊರಿನ ಹುಡುಗರಿಗೆ ಕಲಿಸುವವನೇ ಇದ್ದೇನೆ ಎಂದ ಏಕನಾಥ. ಹಾಗಾದರೆ ಮೊದಲು ಯಾವ ಓಪನಿಂಗ್ ಕಲಿಸುತ್ತೀರಿ ಎಂದು ಅವರು ಕೇಳಿದರು. ಹೊಸಬರಿಗೆ ತಕ್ಕದ್ದನ್ನು ಎಂದ. ಮಾಸ್ತರರು ಸಂತೋಷಪಟ್ಟು ರೈಲು ಹತ್ತಿದರು. ಏಕನಾಥ ಪೆಟ್ಟಿಗೆ ಹಿಡಿದುಕೊಂಡು ಪ್ಲಾಟ್‌ಫಾರ್ಮಿನ ಮೇಲೆ ನಿಂತುಕೊಂಡ.

ಅವನಿಗೆ ಕಾಯಿಗಳು ಹೇಗೆ ನಡೆಯುತ್ತವೆ ಎಂಬಷ್ಟು ಗೊತ್ತಿತ್ತು. ಚಿಕ್ಕವನಿದ್ದಾಗ ಧಾರವಾಡದಲ್ಲಿ ವೆಂಕಣ್ಣ ಕಾಕಾ ಕಿವಿ ಹಿಂಡಿ ಕಲಿಸಿದ್ದರು. ಓಪನಿಂಗ್ ಎಂದರೆ ಆಟದ ಮೊದಲ ನಾಲ್ಕಾರು ನಡೆಗಳನ್ನು ಯಾವ ಕ್ರಮದಲ್ಲಿ ನಡೆಸಬೇಕೆಂಬ ಪದ್ಧತಿ ಎಂದೂ, ಒಂದೊಂದು ಪದ್ಧತಿಗೆ ಒಂದೊಂದು ದೇಶದ ಹೆಸರಿದೆಯೆಂದೂ ಎರಡು ವರ್ಷದ ಹಿಂದೆ ಪೇಪರಿನಲ್ಲಿ ಓದಿದ್ದ. ಯಾವುದು ಯಾರಿಗೆ ತಕ್ಕದ್ದು ಎಂಬುದು ಪೇಪರಿನಲ್ಲಿ ಬಂದಿರಲಿಲ್ಲ. ಮರುದಿನವೇ ಕಾಕಾಗೆ ಗುಟ್ಟಾಗಿ ಪತ್ರ ಬರೆದು, ಲಕೋಟೆಯನ್ನು ಅನ್ನದಗುಳಿನಿಂದ ಎರಡು ಸಲ ಅಂಟಿಸಿ ಹಾಕಿದ.

ವೆಂಕಣ್ಣ ಕಾಕಾ ಧಾರವಾಡದ ಕೋರ್ಟಿನಿಂದ ನಿವೃತ್ತರಾದವರು. ನಲವತ್ತು ವರ್ಷದಿಂದ ಆ ಆಟವೊಂದನ್ನು ಬಿಟ್ಟು ಜಗತ್ತಿನಲ್ಲಿ ಬೇರೆ ವಿಷಯವಿದೆಯೆಂಬ ಕಲ್ಪನೆ ಅವರಿಗಿರಲಿಲ್ಲ. ಮಗಳ ಲಗ್ನದಲ್ಲಿ ಅಕ್ಷತೆ ಬೀಳುವಾಗ ಬಾಜೂ ಮನೆಯಲ್ಲಿ ಕುದುರೆ ನಡೆಸುತ್ತ ಕುಳಿತಿದ್ದವರು ಅವರು. ಇಂಥವರಿಗೆ ಪತ್ರದಲ್ಲಿ ಆಟದ ಹೆಸರು ಬರೆಯಬೇಕೆಂದು ಹೊಳೆಯುವುದಾದರೂ ಹೇಗೆ? ಗುಟ್ಟಿನ ಲಕೋಟೆಗೆ ಅವರು ಉತ್ತರ ಬರೆದದ್ದು ತೆರೆದ ಕಾರ್ಡಿನಲ್ಲಿ.

ಆ ಕಾಲದಲ್ಲಿ ಕಾರ್ಡು ಎಂದರೆ ವಿಳಾಸ ಒಬ್ಬರದು, ಸುದ್ದಿ ಎಲ್ಲರದು. ಪೋಸ್ಟಮನ್ ದಾವೂದಸಾಬ ಬಹಳ ಸಭ್ಯ ಮನುಷ್ಯ. ಬೇರೆಯವರ ಕಾರ್ಡನ್ನು ತಾನು ಒಬ್ಬನೇ ಓದುವುದು ತಪ್ಪೆಂದು ದಲಾಲಿ ಅಂಗಡಿಯ ಶಂಕ್ರಪ್ಪನ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರಿಗೆ ಕೇಳುವಂತೆ ಓದುತ್ತಿದ್ದ. ಅಂದು ಓದಿದ್ದು ಹೀಗಿತ್ತು:

'ಚಿ. ಏಕನಾಥನಿಗೆ ಆಶೀರ್ವಾದಗಳು. ಅಣ್ಣಿಗೇರಿಯ ಹೊಸ ಹುಡುಗರಿಗೆ ಯಾವ ಓಪನಿಂಗ್ ಕೊಡಬೇಕೆಂದು ಕೇಳಿದ್ದೀ. ಏನೂ ಅನುಭವವಿಲ್ಲದ ಹೊಸಬರಿಗೆ ಇಟಾಲಿಯನ್ ಉತ್ತಮ. ಮೊದಲಿನಿಂದಲೇ ಎಲ್ಲರಿಗೂ ಕೆಲಸ ಸಿಗುತ್ತದೆ. ಸಾವಕಾಶ ಸ್ವಭಾವದವರನ್ನು ಫ್ರೆಂಚ್ ಡಿಫೆನ್ಸಿಗೆ ಹಾಕು. ಜಾಗ ಇಕ್ಕಟ್ಟು, ಆದರೆ ಭದ್ರ. ಸಿಸಿಲಿಯನ್ ಡಿಫೆನ್ಸಿಗೆ ಈಗಲೇ ಯಾರನ್ನೂ ಕಳಿಸಬೇಡ. ಅಲ್ಲಿ ಹೋಗಿ ಬಹಳ ಮಂದಿ ಸತ್ತಿದ್ದಾರೆ. ವೆಂಕಣ್ಣ.'

ಶಂಕ್ರಪ್ಪ ಮಾದರಿ ತೆಗೆಯಲು ಕಾಳಿನ ಚೀಲಕ್ಕೆ ಚುಚ್ಚಿದ್ದ ಬಂಬನ್ನು ಹಾಗೆಯೇ ಬಿಟ್ಟು ಇನ್ನೊಮ್ಮೆ ಓದಲು ಹೇಳಿದ. ಅವನ ಮಗ ಮಡಿವಾಳೆಪ್ಪ ಬಿ.ಎ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿದ್ದ. ಓದಿದವನು ದಲಾಲಿ ಅಂಗಡಿಯಲ್ಲಿ ಕೂಡಬಾರದೆಂದು ಮಗನಿಗೆ ಅಭಿಮಾನ. ಕೂಡದವನು ಮನೆಯಲ್ಲಿ ಉಣ್ಣಬಾರದೆಂದು ಅಪ್ಪನಿಗೆ ಸಿಟ್ಟು. ಇಬ್ಬರ ನಡುವೆ ಮಾತು ನಿಂತು ಎಂಟು ತಿಂಗಳಾಗಿತ್ತು. ಅಂಥ ಶಂಕ್ರಪ್ಪ ಅಂದು ಮಧ್ಯಾಹ್ನ ತಾನಾಗಿಯೇ ಮಗನಿದ್ದ ಕೋಣೆಗೆ ಹೋಗಿ, ಓಪನಿಂಗ್ ಎಂದರೆ ಏನು ಎಂದು ಕೇಳಿದ. ಓಪನಿಂಗ್ ಎಂದರೆ ನೌಕರಿಯ ಖಾಲಿ ಜಾಗ ಎಂದು ಮಗ ಹೇಳಿದ. ಬಿ.ಎ. ಓದಿದವನ ಮಾತು.

ಇತ್ತ ದಾವೂದಸಾಬ ಕಾರ್ಡನ್ನು ಏಕನಾಥನ ಕೈಗೆ ಕೊಟ್ಟಾಗ ಅವನು ಅತ್ತಿತ್ತ ನೋಡಿ, ಓದದೆಯೇ ಕೋಟಿನ ಒಳಕಿಸೆಗೆ ಸೇರಿಸಿದ. ಆಟ ಬರುತ್ತದೆಂದು ಹೇಳಿಕೊಂಡವನು ಕಾಕಾನನ್ನು ಕೇಳಿದ್ದು ಗೊತ್ತಾದರೆ ಮರ್ಯಾದೆ ಉಳಿಯುತ್ತದೆಯೇ? ದಾವೂದಸಾಬ ಇದನ್ನು ಕಂಡ. ರಾಯರು ಸುದ್ದಿಯನ್ನು ಗುಪ್ತ ಇಟ್ಟಿದ್ದಾರೆ, ಅಂದರೆ ಸುದ್ದಿ ನಿಜ ಎಂದು ಸಂಜೆಯೊಳಗೆ ಊರಿಗೆಲ್ಲ ಹೇಳಿದ.

ಮೂರನೆಯ ದಿನ ವಾಚನಾಲಯದ ಬಾಗಿಲಿಗೆ ಏಕನಾಥನ ದುಂಡಗಿನ ಅಕ್ಷರದಲ್ಲಿ ಒಂದು ಪ್ರಕಟಣೆ ಬಿತ್ತು. 'ಬುದ್ಧಿಬಳದ ಓಪನಿಂಗುಗಳು. ಹೊಸಬರಿಗೆ ಮಾತ್ರ. ಇಟಾಲಿಯನ್ ಮತ್ತು ಫ್ರೆಂಚ್. ಇಚ್ಛೆಯುಳ್ಳವರು ಕಾರ್ಯದರ್ಶಿಗಳಲ್ಲಿ ಹೆಸರು ಹಚ್ಚಬೇಕು.' ಧಾರವಾಡದ ಕಡೆ ಚೆಸ್ಸಿಗೆ ಬುದ್ಧಿಬಳ ಎನ್ನುತ್ತಾರೆ. ಹುಲಿಮನೆ, ಪಗಡೆಯಾಚೆ ಏನನ್ನೂ ಕಾಣದ ಆ ಊರಿನವರು ಅದನ್ನು ಬುದ್ಧಿಯ ಬಲದಿಂದ ಮಾಡುವ ಕೆಲಸ, ಅಂದರೆ ಮಣ್ಣು ಹೊರುವುದಲ್ಲ, ಕುರ್ಚಿಯ ಮೇಲಿನದು ಎಂದು ತಿಳಿದುಕೊಂಡರು. ನಾಲ್ಕು ದಿನದಲ್ಲಿ ಇಪ್ಪತ್ತೆರಡು ಹೆಸರು ಬಂದವು. ಮೊದಲನೆಯದು ಮಡಿವಾಳೆಪ್ಪನದು.

ಏಕನಾಥನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಪುಗಸಟ್ಟೆ ಪೇಪರು ಓದಲು ಬಾರದ ಜನ ಸರ್ಟಿಫಿಕೇಟು ಹಿಡಿದು ಸಾಲಾಗಿ ನಿಂತಿದ್ದರು. ಆಟ ಕಲಿಯಲು ಸರ್ಟಿಫಿಕೇಟು ಏಕೆ ಎಂದು ಅವನಿಗೂ ಅನ್ನಿಸಿತು. ಆದರೆ ಏಕೆಂದು ಕೇಳಿದರೆ ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ. ಆದ್ದರಿಂದ ಪ್ರತಿಯೊಂದನ್ನೂ ಕನ್ನಡಕ ಏರಿಸಿ ನೋಡಿ, ಗಂಭೀರವಾಗಿ ಮರಳಿ ಕೊಟ್ಟ. ಆಮೇಲೆ ಕಾಕಾ ಬರೆದಂತೆ ಸ್ವಭಾವ ಪರೀಕ್ಷೆ. ಕೇಳುವ ಮುಂಚೆ ಉತ್ತರ ಕೊಟ್ಟವರನ್ನು ಇಟಾಲಿಯನ್‌ಗೆ ಹಾಕಿದ. ಉತ್ತರ ಕೊಡಲು ಎಲೆ ಅಡಿಕೆ ಹಾಕಿಕೊಂಡವರನ್ನು ಫ್ರೆಂಚ್‌ಗೆ ಹಾಕಿದ. ಗರಡಿಮನೆಯ ಪೈಲವಾನನೊಬ್ಬ ತನಗೆ ಸಿಸಿಲಿಯನ್ನೇ ಬೇಕೆಂದು ಹಟ ಹಿಡಿದಾಗ, ಅಲ್ಲಿ ಹೋದವರ ಗತಿ ತಿಳಿಸಿ ಸಮಾಧಾನ ಮಾಡಿ ಕಳಿಸಿದ.

ಫ್ರೆಂಚ್ ಬಿದ್ದವರ ಮನೆಯಲ್ಲಿ ಅಳು ಶುರುವಾಯಿತು. ಡಿಫೆನ್ಸ್ ಎಂದರೆ ಮಿಲಿಟರಿ ಎಂಬುದು ಊರಿಗೆ ಗೊತ್ತಿತ್ತು. ಒಬ್ಬನ ಅಪ್ಪ ಬಂದು, ತನ್ನ ಮಗನಿಗೆ ಪಟಾಕಿ ಸಪ್ಪಳವೇ ಆಗುವುದಿಲ್ಲ, ಹೇಗಾದರೂ ಇಟಾಲಿಯನ್‌ಗೆ ಹಾಕಿರೆಂದು ಕೈ ಮುಗಿದ. ಫ್ರೆಂಚ್‌ನಲ್ಲಿ ಹೊಡೆದಾಟ ಕಡಿಮೆ, ಮೈಮೇಲೆ ಬಂದವರನ್ನು ತಡೆದುಕೊಂಡು ಕುಳಿತರೆ ಸಾಕು ಎಂದು ಏಕನಾಥ ಧೈರ್ಯ ಹೇಳಿದ. ಅಪ್ಪ ಇನ್ನಷ್ಟು ಅಳುತ್ತ ಹೋದ.

ಕೌದಿ ಹೊಲಿಯುವ ಜುಲೇಖಾಬಿ ತನ್ನ ಮಗನ ಹೆಸರು ಹಚ್ಚಲು ಬಂದವಳು ಬಾಗಿಲಲ್ಲೇ ನಿಂತಳು.

"ಹುಡುಗ ಹತ್ತನೆತ್ತಾ ಫೇಲ್ ಆಗ್ಯಾನ್ರೀ ರಾಯರ. ನಡೀತೈತೇನ್ರಿ?"

"ಇದಕ್ಕ ಸಾಲಿ ಯಾಕ ಬೇಕವಾ? ತಲಿ ಇದ್ರ ಸಾಕು."

"ಮತ್ತ ಅಲ್ಲೆ ಊಟದ್ದು ಹೆಂಗ್ರಿ?"

"ಊಟದ್ದ ಏನೂ ವ್ಯವಸ್ಥಾ ಇಲ್ಲ. ಮನಿಯಾಗ ಉಂಡೇ ಬರಬೇಕು," ಎಂದ ಏಕನಾಥ. ವಾಚನಾಲಯದಲ್ಲಿ ತಿಂಡಿ ತಿಂದರೆ ಇರುವೆ ಹತ್ತುತ್ತವೆಂಬುದು ಅವನ ಚಿಂತೆ.

ಇಟಲಿಯಲ್ಲಿ ಒಂದು ತುತ್ತು ಅನ್ನವೂ ಸಿಗುವುದಿಲ್ಲವೆಂದು ಅಂದೇ ಸುದ್ದಿಯಾಯಿತು. ಇಪ್ಪತ್ತೆರಡು ಮನೆಗಳಲ್ಲಿ ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿ ಬಡಿಯತೊಡಗಿದರು. ಮುಂಜಾನೆ ಆ ಓಣಿಗಳಲ್ಲಿ ಹಾದುಹೋದರೆ ಕುಸ್ತಿಯ ಹಲಗಿ ಬಾರಿಸಿದಂತೆ ಕೇಳುತ್ತಿತ್ತು. ನಾಲ್ಕು ರೊಟ್ಟಿ, ಒಂದು ಬಟ್ಟಲು ಶೇಂಗಾ ಚಟ್ನಿ ಏಕನಾಥನ ಮನೆಗೂ ಬರುತ್ತಿದ್ದವು. ಅವನ ಹೆಂಡತಿ ತುಳಸಾಬಾಯಿ ಏನೂ ಕೇಳದೆ ಒಳಗಿಡುತ್ತಿದ್ದಳು.

ಹೀಗಿರುವಾಗ ಹೆಸರು ಹಚ್ಚಲು ತಡಮಾಡಿದವನಾರೋ ಒಬ್ಬ, ಏಕನಾಥ ನಾಡಗೀರನು ಪರವಾನಗಿ ಇಲ್ಲದೆ ಜನರನ್ನು ಪರದೇಶದ ಸೈನ್ಯಕ್ಕೆ ಸೇರಿಸುತ್ತಿದ್ದಾನೆಂದು ಹೆಸರಿಲ್ಲದ ಅರ್ಜಿ ಹಾಕಿದ. ಒಂದು ದಿನ ಫೌಜದಾರರು ಮೋಟಾರ್ ಸೈಕಲ್ ಮೇಲೆ ವಾಚನಾಲಯಕ್ಕೆ ಬಂದಿಳಿದರು. ಮುಖ ಬಿಗಿದುಕೊಂಡೇ ಬಂದರು. ಏಕನಾಥ ಹೆದರುತ್ತಲೇ ಕುರ್ಚಿ ಒರೆಸಿ ಕೊಟ್ಟು ಎದುರಿಗೆ ಕುಳಿತ. ಪೊಲೀಸರಿಗೂ ಈ ಆಟದ ರುಚಿ ಹತ್ತಿದೆಯಲ್ಲ ಎಂದು ಭಯದಲ್ಲೂ ಒಂದು ಸಂತೋಷ.

"ನೀವು ಮಂದೀನ ಫ್ರೆಂಚ್ ಡಿಫೆನ್ಸಿಗೆ ಹಾಕಾಕತ್ತೀರಂತ. ಖರೆ ಏನು?" ಎಂದರು ಫೌಜದಾರರು.

"ಖರೇರಿ ಸಾಹೇಬ್ರ. ಆರು ಮಂದಿ ಇದ್ದಾರ್ರಿ. ಉಳದವರು ಇಟಾಲಿಯನ್."

"ಯಾರ ಪರವಾನಗಿ ತಗೊಂಡೀರಿ?"

"ಇದಕ್ಕ ಪರವಾನಗಿ ಹತ್ತತದೇನ್ರಿ?" ಏಕನಾಥ ನಿಜಕ್ಕೂ ಗಾಬರಿಯಾದ. "ಜಗತ್ತನ್ಯಾಗೆಲ್ಲಾ ನಡದದ್ರಿ. ರಶಿಯಾದಾಗಂತೂ ಸರಕಾರಾನ ಮುಂದ ನಿಂತು ಮಾಡಸ್ತದ."

ರಶಿಯಾ ಎಂಬ ಹೆಸರು ಬಿದ್ದೊಡನೆ ಫೌಜದಾರರು ಕೈಯಲ್ಲಿದ್ದ ಪೆನ್ನನ್ನು ಕಿಸೆಗೆ ಹಾಕಿಕೊಂಡರು. ಆ ವರ್ಷಗಳಲ್ಲಿ ರಶಿಯಾ ಎಂದರೆ ದಿಲ್ಲಿಯ ಗೆಳೆಯ. ಇದು ದಿಲ್ಲಿಯಿಂದ ನಡೆದ ಕೆಲಸ. ದಿಲ್ಲಿಯ ಕೆಲಸಕ್ಕೆ ತಾನು ಅಡ್ಡ ಬಂದರೆ ನಾಳೆ ಬೀದರಕ್ಕೋ ರಾಯಚೂರಿಗೋ ವರ್ಗ. ಅವರು ಎದ್ದು ನಿಂತರು. ಕೂತವನು ಗುಮಾಸ್ತ, ನಿಂತವರು ಫೌಜದಾರರು, ಇಂಥ ನೋಟವನ್ನು ಕಿಡಕಿಯಿಂದ ಇಣುಕುತ್ತಿದ್ದ ಜನ ಹಿಂದೆಂದೂ ಕಂಡಿರಲಿಲ್ಲ. ಫೌಜದಾರರು ದನಿ ತಗ್ಗಿಸಿ, ತಮ್ಮ ಹೆಂಡತಿಯ ತಮ್ಮನೊಬ್ಬ ಇದ್ದಾನೆ, ಸಾವಕಾಶ ಸ್ವಭಾವ, ಅವನನ್ನೂ ಫ್ರೆಂಚ್‌ನಲ್ಲಿ ಎಲ್ಲಾದರೂ ಸೇರಿಸಿಕೊಳ್ಳಲು ಆದೀತೇ ಎಂದು ಕೇಳಿದರು. ಏಳನೆಯ ಹೆಸರು ಬಿತ್ತು. ಊರಲ್ಲಿ ಉಳಿದಿದ್ದ ಚೂರುಪಾರು ಸಂಶಯವೂ ಅಂದಿಗೆ ಸತ್ತಿತು.

ದಸರೆಯ ಮರುದಿನ ಸಂಜೆ ವರ್ಗ ಶುರುವಾಯಿತು. ಇಪ್ಪತ್ಮೂರು ಜನ ಇಸ್ತ್ರಿ ಅಂಗಿ ತೊಟ್ಟು ಬಂದು, ಕಪ್ಪು ಬಿಳಿ ಮನೆಗಳ ಮಣೆಯನ್ನು ಕಂಡು ತಬ್ಬಿಬ್ಬಾದರು. ಇದೇನು ಎಂದು ಕೇಳಲು ಒಬ್ಬೊಬ್ಬರಿಗೂ ಬಾಯಿ ತುರಿಸಿತು. ಆಗ ಮಡಿವಾಳೆಪ್ಪ ಪಿಸುದನಿಯಲ್ಲಿ ತಿಳಿಸಿ ಹೇಳಿದ. ಪರದೇಶದ ದೊಡ್ಡ ಕಂಪನಿಗಳಲ್ಲಿ ಬುದ್ಧಿಯನ್ನು ಹೀಗೆಯೇ ಪರೀಕ್ಷೆ ಮಾಡುತ್ತಾರೆ, ಪ್ರಕಟಣೆಯಲ್ಲಿ ಬುದ್ಧಿಬಳ ಎಂದು ಬರೆದದ್ದು ಇದಕ್ಕೇ, ಇದೇನೆಂದು ಕೇಳಿದವನು ಅಲ್ಲಿಗೇ ಫೇಲು. ಯಾರೂ ಕೇಳಲಿಲ್ಲ. ಅಷ್ಟು ಶಾಂತವಾದ ವರ್ಗವನ್ನು ಆ ಊರಿನ ಶಾಲೆಯವರೂ ನೋಡಿರಲಿಕ್ಕಿಲ್ಲ.

ಏಕನಾಥ ಕಾಕಾ ಕಲಿಸಿದಂತೆ ಕಲಿಸಿದ. ಮೊದಲು ರಾಜನ ಮುಂದಿನ ಕಾಲಾಳು ಎರಡು ಮನೆ. ಆಮೇಲೆ ಕುದುರೆ. ಆಮೇಲೆ ಒಂಟೆ. ಆಮೇಲೆ ರಾಣಿಯ ಮುಂದಿನ ಕಾಲಾಳು ಒಂದು ಮನೆ. ಆಮೇಲೆ ರಾಜನನ್ನು ಮೂಲೆಯ ಮನೆಗೆ ಕಳಿಸಿ ಆನೆಯನ್ನು ಕಾವಲಿಗಿಡುವುದು. ಇದು ಇಟಾಲಿಯನ್. ಹುಡುಗರು ಮನೆಗೆ ಹೋಗಿ ಗೋಡೆಯ ಮೇಲೆ ಇದ್ದಿಲಿನಿಂದ ಬರೆದುಕೊಂಡು ಬಾಯಿಪಾಠ ಮಾಡಿದರು. ಒಂಟೆ ಇಟಲಿಯಲ್ಲಿ ಏನು ಮಾಡುತ್ತದೆ ಎಂದು ಒಬ್ಬನ ಅಜ್ಜಿ ಕೇಳಿದಳಂತೆ. ನಡುವೆ ಮರಳುಗಾಡು ದಾಟಬೇಕಾಗುತ್ತದೆ ಎಂದು ಅವನು ಹೇಳಿದನಂತೆ.

ಹದಿನೈದು ದಿನದಲ್ಲಿ ಮಡಿವಾಳೆಪ್ಪ ಎಲ್ಲರಿಗಿಂತ ಮುಂದಾದ. ಅವನ ಇಟಾಲಿಯನ್ ಪಕ್ಕಾ ಆಯಿತೆಂದು ಏಕನಾಥ ನಾಲ್ಕು ಜನರೆದುರಿಗೆ ಹೇಳಿದ. ಆ ನಾಲ್ವರಲ್ಲಿ ಒಬ್ಬ ದಾವೂದಸಾಬ. ಎರಡೇ ದಿನಕ್ಕೆ ಆ ಮಾತು ಕುಂದಗೋಳ ಮುಟ್ಟಿತು. ಅಲ್ಲಿ ಗುರುಶಿದ್ದಪ್ಪ ಎಂಬ ಹೊಲಮನೆಯುಳ್ಳ ಗೃಹಸ್ಥರು ಮಗಳು ಸುಶೀಲವ್ವನಿಗೆ ವರ ಹುಡುಕುತ್ತಿದ್ದರು. ಶಂಕ್ರಪ್ಪನ ಮನೆತನ ಅವರಿಗೆ ಮೊದಲೇ ಒಪ್ಪಿಗೆಯಿತ್ತು, ಹುಡುಗ ಖಾಲಿ ಕೂತಿದ್ದಾನೆಂದು ಬಿಟ್ಟಿದ್ದರು. ಈಗ ಮಾತು ಮತ್ತೆ ಎದ್ದಿತು. ಆದರೆ ಕೇಳಿದ್ದನ್ನೆಲ್ಲ ನಂಬುವ ಮನುಷ್ಯ ಅವರಲ್ಲ. ಖುದ್ದು ಅಣ್ಣಿಗೇರಿಗೆ ಬಂದು ಏಕನಾಥನ ಮನೆ ಹುಡುಕಿದರು.

ಮಡಿವಾಳೆಪ್ಪನಿಗೆ ನಮ್ಮ ಮಗಳನ್ನು ಕೊಡಬೇಕೆಂದಿದ್ದೇವೆ, ಅವನ ವಿಷಯ ನಿಮ್ಮ ಬಾಯಿಂದ ಕೇಳಬೇಕೆಂದು ಬಂದೆವು ಎಂದರು. ಏಕನಾಥನ ಎದೆ ತುಂಬಿ ಬಂತು. ಹೊಲವೆಷ್ಟು, ಎತ್ತೆಷ್ಟು ಎಂದು ಕೇಳುವ ಕಾಲದಲ್ಲಿ ಅಳಿಯನ ಆಟ ಹೇಗಿದೆಯೆಂದು ಕೇಳುವ ಮಾವನೊಬ್ಬ ಹುಟ್ಟಿದ್ದಾನಲ್ಲ!

"ಹುಡುಗಂದು ಇಟಾಲಿಯನ್ ಪಕ್ಕಾ ಏನ್ರಿ?" ಎಂದರು ಗುರುಶಿದ್ದಪ್ಪ.

"ಪಕ್ಕಾ ಅಂದ್ರ ಪಕ್ಕಾರಿ. ನಿದ್ದಿಗಣ್ಣಾಗ ಎಬ್ಬಿಸಿದ್ರೂ ಇಟಾಲಿಯನ್ ಆಡ್ತಾನ. ಆದ್ರ, ನಿಮಗ ಮುಚ್ಚಿ ಇಡಬಾರದು. ಒಂದ ದೋಷ ಅದ."

ಗುರುಶಿದ್ದಪ್ಪ ಮುಂದೆ ಬಾಗಿದರು. ಭಾಷೆ ಕೂಡ ಕಲಿತ ಹುಡುಗನಿಗೆ ಇನ್ನೆಂಥ ದೋಷ?

"ರಾಣೀನ್ನ ಭಾಳ ಲಗೂ ಹೊರಗ ತರ್ತಾನ," ಎಂದ ಏಕನಾಥ. "ಕೇಳಂಗಿಲ್ಲ. ದಿನಾ ಬೈತೀನಿ. ಮೊದಲ ತಾ ಮನಿ ಹಿಡದು ಭದ್ರ ಕೂಡಬೇಕು, ಆಮ್ಯಾಲೆ ರಾಣಿ ಹೊರಗ ಬರಬೇಕು. ಇಲ್ಲಾಂದ್ರ ಕಂಡ ಕಂಡವರೆಲ್ಲಾ ಬೆನ್ನ ಹತ್ತತಾರ. ಪಾಪ, ಆಕಿ ಅಲ್ಲಿಂದಿಲ್ಲಿಗೆ ಓಡಿ ಓಡಿ ಒಂದೊಂದ ಸರ್ತೆ ಹೋಗೇ ಬಿಡ್ತಾಳ."

ಗುರುಶಿದ್ದಪ್ಪನವರಿಗೆ ಕಣ್ಣಲ್ಲಿ ನೀರಾಡಿತು. ನೋಡದ ಮಗಳನ್ನು ರಾಣಿ ಎಂದು ಕರೆದು, ಪರದೇಶದಲ್ಲಿ ಆಕೆಗೆ ಬರಬಹುದಾದ ಕಷ್ಟವನ್ನು ಇಷ್ಟು ಕರುಳಿನಿಂದ ಹೇಳುವವನು ಸುಳ್ಳುಗಾರನಾಗಿರಲಾರ. ಹುಡುಗ ಮನೆ ಹಿಡಿಯಲು ಎಷ್ಟು ದಿನ ಬೇಕಾಗುತ್ತದೆ ಎಂದು ಮೆಲ್ಲಗೆ ಕೇಳಿದರು.

"ಗಡಬಡ ಮಾಡಲಿಲ್ಲಂದ್ರ ಐದನೇದ್ದಕ್ಕ ಮುಗೀತದ್ರಿ."

ಐದನೆಯ ತಿಂಗಳಿಗೆ ಎಂದು ಗುರುಶಿದ್ದಪ್ಪ ಲೆಕ್ಕ ಹಾಕಿದರು. ಅಲ್ಲಿಯವರೆಗೆ ಮಗಳು ತವರಲ್ಲಿರಲಿ. ಏಕನಾಥನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, ನಿಶ್ಚಯಕ್ಕೆ ದಂಪತಿ ಸಹಿತ ಬರಲೇಬೇಕೆಂದು ಹೇಳಿ ಹೋದರು. ಐದನೆಯ ನಡೆಗೆ ರಾಜ ಮನೆ ಸೇರುತ್ತಾನೆಂಬ ಇಷ್ಟು ಸಣ್ಣ ವಿಷಯಕ್ಕೆ ಕೈ ಕಣ್ಣಿಗೊತ್ತಿಕೊಳ್ಳುವುದೇಕೆ ಎಂದು ಏಕನಾಥನ ತಲೆ ತಿರುಗಿತು. ಹೆಂಡತಿಯನ್ನು ಕೇಳಿದ. ಆಕೆ ಒಳಗೆ ಹೋಗಿ ಅವನ ಅಂಗಿ ಮಡಚತೊಡಗಿದಳು.

ದೀಪಾವಳಿ ಕಳೆದು ಒಂದು ಸೋಮವಾರ ನಿಶ್ಚಯ. ಅಣ್ಣಿಗೇರಿಯಿಂದ ಹದಿನೆಂಟು ಜನ ಹುಬ್ಬಳ್ಳಿಯಲ್ಲಿ ರೈಲು ಬದಲಿಸಿ ಕುಂದಗೋಳಕ್ಕೆ ಬಂದರು. ಅವರಲ್ಲಿ ಅರ್ಧದಷ್ಟು ಮಂದಿ ಮಕ್ಕಳನ್ನು ಇಟಾಲಿಯನ್‌ಗೆ ಹಚ್ಚಿದವರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಬೀಗರಿಗೆ ಜಮಖಾನೆ, ಏಕನಾಥನಿಗೆ ಮಾತ್ರ ಕೈಯಿದ್ದ ಕುರ್ಚಿ. ಅವನು ಬಹಳ ಸಂಕೋಚದಿಂದ ಕುಳಿತ. ತಾಟಿನಲ್ಲಿ ಸಕ್ಕರೆ ಬಂತು. ಇನ್ನೇನು ಎರಡೂ ಕಡೆಯ ಹಿರಿಯರು ಪರಸ್ಪರ ಸಕ್ಕರೆ ತಿನ್ನಿಸಿದರೆ ಮಾತು ಮುಗಿಯಿತು.

ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ತಾಯಿ ಶಾರದವ್ವ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು. ಆಕೆ ಇಪ್ಪತ್ತು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಕಣ್ಣು ಬಾತಿದ್ದವು.

"ರಾಯರ, ಒಂದ ಮಾತ ಕೇಳ್ತೀನ್ರಿ. ಸಿಟ್ಟಾಗಬ್ಯಾಡ್ರಿ. ಆ ಇಟಲಿ ಅನ್ನೂದು ಹುಬ್ಬಳ್ಳಿಯಿಂದ ಎಷ್ಟ ದಿನದ ಹಾದೀರಿ?"

ಏಕನಾಥನಿಗೆ ಭೂಗೋಳ ಎಂದರೆ ಇಷ್ಟ. ಕಣ್ಣು ಮುಚ್ಚಿ ಎಣಿಸಿದ. "ಮುಂಬಯಿತನಕಾ ರೈಲು, ಅಲ್ಲಿಂದ ಹಡಗ. ಇಪ್ಪತ್ತು ದಿನಾ ಹಿಡಿಬಹುದವಾ," ಎಂದು ಹೇಳಿ ಕೇಳಿದ, "ಯಾಕ, ಯಾರ ಹೊಂಟಾರ?"

ಶಂಕ್ರಪ್ಪ ನಕ್ಕ. ರಾಯರು ಚ್ಯಾಷ್ಟಿ ಮಾಡುತ್ತಾರೆ ಎಂದು ಬೀಗರಿಗೆ ಹೇಳಿದ. ಆಮೇಲೆ ಏಕನಾಥನ ಕಡೆ ತಿರುಗಿ, "ನಮ್ಮ ಮಡಿವಾಳಿ ಹೊಂಟಾನಲ್ರೀ ಮತ್ತ. ನೀವ ಕಳಸಾಕತ್ತೀರಿ," ಎಂದ.

ಏಕನಾಥ ಶಂಕ್ರಪ್ಪನ ಮುಖ ನೋಡಿದ. ಹುಡುಗನ ಮುಖ ನೋಡಿದ. ಯಾವುದರಿಂದಲೂ ಏನೂ ತಿಳಿಯಲಿಲ್ಲ.

"ಮಡಿವಾಳೆಪ್ಪ ಇಟಲಿಗೆ ಯಾಕ ಹೋಗ್ತಾನ್ರಿ? ಅಂವಾ ಇನ್ನೂ ನನಗ ಸೋಲ್ತಾನ," ಎಂದ.

ಆಮೇಲಿನದನ್ನು ಅಲ್ಲಿದ್ದವರು ಯಾರೂ ಸರಿಯಾಗಿ ಹೇಳುವುದಿಲ್ಲ. ಏಕನಾಥ ಕುದುರೆ ಎಂದ, ಒಂಟೆ ಎಂದ, ಅರವತ್ನಾಲ್ಕು ಮನೆ ಎಂದ. ಗುರುಶಿದ್ದಪ್ಪ ಒಂದೊಂದನ್ನೇ ಎರಡೆರಡು ಸಲ ಕೇಳಿದರು. ರಾಣಿ ಎಂದರೆ ಕಟ್ಟಿಗೆಯದು ಎಂದು ಗೊತ್ತಾದಾಗ ಅವರು ಮೆಲ್ಲಗೆ ಎದ್ದು ನಿಂತರು.

"ಅಂದ್ರ ನೌಕರಿ ಇಲ್ಲ," ಎಂದರು.

ಮೂವತ್ತು ವರ್ಷ ಕಾಳಿನ ವ್ಯಾಪಾರದಲ್ಲಿ ಶಂಕ್ರಪ್ಪ ಎಷ್ಟೋ ಸಲ ಹರಾಜಿನಲ್ಲಿ ಕೈಮೀರಿದ ಸವಾಲನ್ನು ಹಿಂದಕ್ಕೆ ತಂದಿದ್ದ. ಜೊತೆಗೆ ಬಂದ ಊರವರೆಲ್ಲ ತನ್ನ ಬಾಯಿಯನ್ನೇ ನೋಡುತ್ತಿದ್ದರು. ಅವನು ರುಮಾಲು ಸರಿ ಮಾಡಿಕೊಂಡ.

"ನೌಕರಿ ಅಂತ ಯಾರ ಅಂದ್ರು, ಬೀಗರ? ಆಟ ಅಂತ ನಮಗೆಲ್ಲಾ ಮೊದಲಿಂದಾನ ಗೊತ್ತೈತಿ."

ಹಿಂದೆ ಕುಳಿತಿದ್ದ ಅಣ್ಣಿಗೇರಿಯವರು ಒಬ್ಬರನ್ನೊಬ್ಬರು ನೋಡಿದರು. ಮೋಸ ಹೋದೆವೆಂದು ಪರವೂರಲ್ಲಿ ಒಪ್ಪಿಕೊಳ್ಳುವುದಕ್ಕಿಂತ ಆಟ ಕಲಿಯಲು ಹೋಗಿದ್ದೆವೆನ್ನುವುದು ಮರ್ಯಾದೆಯ ಮಾತು. ಹೌದು, ಆಟವೇ ಎಂದು ಎಲ್ಲರೂ ತಲೆಯಾಡಿಸಿದರು. ಜುಲೇಖಾಬಿಯ ಮನೆಯಲ್ಲಿ ಮುನ್ನೂರು ಕಟಕ ರೊಟ್ಟಿ ಕಟ್ಟಿಟ್ಟದ್ದನ್ನು ಕಣ್ಣಾರೆ ಕಂಡಿದ್ದ ದಾವೂದಸಾಬನೂ ತಲೆಯಾಡಿಸಿದ.

ಹಾಗಾದರೆ ಹುಡುಗ ಹೊಟ್ಟೆಗೆ ಏನು ಮಾಡುತ್ತಾನೆ ಎಂದು ಗುರುಶಿದ್ದಪ್ಪ ಕೇಳಿದರು. ಅಂಗಡಿಯಲ್ಲಿ ಕೂಡುತ್ತಾನೆ ಎಂದ ಶಂಕ್ರಪ್ಪ, ಹೇಳಿಬಿಟ್ಟು ಹೆದರಿಕೆಯಿಂದ ಮಗನತ್ತ ನೋಡಿದ. ಮಡಿವಾಳೆಪ್ಪ ಎಷ್ಟು ಬೇಗ ಹೂಂ ಎಂದನೆಂದರೆ, ಅವನ ಹೂಂ ಅಪ್ಪನ ಮಾತಿಗಿಂತ ಮೊದಲು ಬಂತೋ ಎಂದು ಕೆಲವರಿಗೆ ಅನುಮಾನ. ಪಾಪ, ಅವನಿಗೆ ಹಡಗಿನ ಹೆದರಿಕೆ. ಕೆರೆಯಲ್ಲಿ ಮೊಳಕಾಲಿನ ಮೇಲೆ ನೀರು ಬಂದರೆ ತಿರುಗಿ ಬರುವವನು. ಉಳಿದ ಇಪ್ಪತ್ತೆರಡು ಜನ ಧೈರ್ಯದಿಂದ ಹೊರಟಿದ್ದಾರಲ್ಲ ಎಂದು ಸುಮ್ಮನಿದ್ದ. ಆ ಇಪ್ಪತ್ತೆರಡು ಜನರೂ ಇವನನ್ನು ನೋಡಿಯೇ ಸುಮ್ಮನಿದ್ದರೆಂಬುದು ಬಹಳ ತಡವಾಗಿ ತಿಳಿಯಿತು.

ಗುರುಶಿದ್ದಪ್ಪ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಶಾರದವ್ವ ಗಂಡಸರ ನಡುವೆ ಬಂದು, ತಾಟಿನಿಂದ ಒಂದು ಹಿಡಿ ಸಕ್ಕರೆ ಎತ್ತಿ ಶಂಕ್ರಪ್ಪನ ಬಾಯಿಗೆ ತುಂಬಿದಳು. ಇನ್ನೊಂದು ಹಿಡಿಯನ್ನು ಗಂಡನ ತೆರೆದ ಬಾಯಿಗೆ ಹಾಕಿದಳು.

"ಅಣ್ಣಿಗೇರಿ ಆದ್ರ ಮುಂಜಾನಿ ರೈಲಿಗೆ ಹೋಗಿ ಮಗಳ ಮಾರಿ ನೋಡಿ ಸಂಜೀಕ ಬರ್ತೀನಿ," ಎಂದಳು.

ಇಬ್ಬರು ಹಿರಿಯರೂ ಸಕ್ಕರೆ ನುಂಗುವ ತನಕ ಮಾತಾಡುವಂತಿರಲಿಲ್ಲ. ನುಂಗಿದ ಮೇಲೆ ಮಾತಾಡಲು ಏನೂ ಉಳಿಯಲಿಲ್ಲ. ಶಾರದವ್ವ ಆ ದಿನ ಏಕನಾಥನ ಎಲೆಗೆ ಐದು ಹೋಳಿಗೆ ಬಡಿಸಿದಳು. ಶಂಕ್ರಪ್ಪ ಅವನ ಬಾಜೂ ಕೂಡಲು ಒಪ್ಪಲಿಲ್ಲ. ಎರಡಕ್ಕೂ ಕಾರಣವೇನೆಂದು ಏಕನಾಥನಿಗೆ ತಿಳಿಯಲಿಲ್ಲ.

ಮರಳಿ ಬರುವಾಗ ರೈಲಿನಲ್ಲಿ ಊರವರೆಲ್ಲ ಅವನಿಂದ ದೂರ ಹೋಗಿ ಕುಳಿತರು. ಅವನು ಹೆಂಡತಿಯ ಕಡೆ ಬಾಗಿ, ಇಷ್ಟು ಮಂದಿಗೆ ಇಂಥ ತಪ್ಪು ತಿಳುವಳಿಕೆ ಹೇಗಾಯಿತು, ಮೊದಲ ದಿನವೇ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದ. ತುಳಸಾಬಾಯಿ ಕಿಡಕಿಯ ಹೊರಗೆ ನೋಡುತ್ತಿದ್ದಳು.

"ನಾನೂ ಕೇಳಲಿಲ್ಲ," ಎಂದಳು. "ಅವರನ್ನೆಲ್ಲಾ ಕರಕೊಂಡು ನೀವೂ ಹೋಗ್ತೀರಿ ಅಂತ ತಿಳದಿದ್ದೆ. ಟ್ರಂಕಿನಾಗ ನಿಮ್ಮ ಅಂಗಿ ಮಡಚಿ ಇಟ್ಟೀನಿ."



ಮರುದಿನ ಸಂಜೆ ವಾಚನಾಲಯಕ್ಕೆ ಒಂದು ನರಪಿಳ್ಳೆಯೂ ಬರಲಾರದೆಂದುಕೊಂಡು ಅವನು ಹಳೆಯ ಪೇಪರು ಬಿಡಿಸಿಕೊಂಡು ಕುಳಿತ. ಆರು ಗಂಟೆಗೆ ಮಡಿವಾಳೆಪ್ಪ ಬಂದ. ಅವನ ಹಿಂದೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಬಂದರು. ಫೌಜದಾರರ ಹೆಂಡತಿಯ ತಮ್ಮನೂ ಬಂದ. ಯಾರ ಮುಖದಲ್ಲೂ ನಗೆಯಿಲ್ಲ. ಆಟಕ್ಕಾಗಿಯೇ ಹೋಗುತ್ತಿದ್ದೆವೆಂದು ಹಿರಿಯರು ಬೀಗರ ಊರಲ್ಲಿ ಹೇಳಿ ಬಂದ ಮೇಲೆ ಆಡದೆ ಗತಿಯಿರಲಿಲ್ಲ. ಬಾರದವನನ್ನು ಊರು ಇಟಲಿಗೆ ಹೊರಟಿದ್ದವನೆಂದು ನಗುತ್ತಿತ್ತು. ಇಪ್ಪತ್ಮೂರು ಜನ ಶಿಕ್ಷೆ ಅನುಭವಿಸುವವರಂತೆ ಸುತ್ತಲೂ ಕುಳಿತು ಸರದಿಯ ಮೇಲೆ ಆಡಿದರು.

ಮೂರನೆಯ ದಿನ ಶಂಕ್ರಪ್ಪನೇ ಬಂದ. ಕುಂದಗೋಳದಲ್ಲಿ 'ನಮಗೆಲ್ಲಾ ಗೊತ್ತೈತಿ' ಎಂದು ಮೊದಲು ಬಾಯಿ ಬಿಟ್ಟವನು ಅವನು. ಯಾರೊಂದಿಗೂ ಮಾತಾಡದೆ ಒಂದು ತಾಸು ಮಗನ ಹಿಂದೆ ನಿಂತು ನೋಡಿದ. ಆಮೇಲೆ ಮಗನನ್ನು ಎಬ್ಬಿಸಿ ಏಕನಾಥನ ಎದುರಿಗೆ ಕುಳಿತ. ಏಕನಾಥ ಶಾಸ್ತ್ರೋಕ್ತವಾಗಿ ಇಟಾಲಿಯನ್ ಹಾಕಿದ. ಕುದುರೆ ಬಂತು, ಒಂಟೆ ಬಂತು. ರಾಜನನ್ನು ಮೂಲೆಗೆ ಕಳಿಸುವುದನ್ನು ಮಾತ್ರ, ಎದುರಿಗಿದ್ದವನು ಹೊಸಬನೆಂದು, ಒಂದು ನಡೆ ಮುಂದೂಡಿದ. ಶಂಕ್ರಪ್ಪ ಕಾಳು ಆರಿಸುವಂತೆ ಎರಡು ಬೆರಳಲ್ಲಿ ಕಾಯಿ ಎತ್ತಿ ಇಡುತ್ತ ಹೋದ. ಹನ್ನೊಂದನೆಯ ನಡೆಗೆ ಏಕನಾಥನ ರಾಜ ನಡುಮನೆಯಲ್ಲೇ ಸತ್ತುಬಿದ್ದ.

ಏಕನಾಥ ಮಣೆಯನ್ನು ಬಹಳ ಹೊತ್ತು ನೋಡಿದ. ಇಟಾಲಿಯನ್ ಅಲ್ಲ, ಫ್ರೆಂಚ್ ಅಲ್ಲ. ಕಾಕಾ ಹೆದರಿಸಿದ ಸಿಸಿಲಿಯನ್ ಇರಬಹುದೇ? ಸುತ್ತ ನಿಂತವರೆಲ್ಲ ತನ್ನ ಬಾಯಿ ನೋಡುತ್ತಿದ್ದಾರೆ. ಜೀವಮಾನದಲ್ಲಿ ಮೊದಲ ಸಲ ಅವನು, ತನಗೆ ಇದು ಗೊತ್ತಿಲ್ಲ ಎಂದ.

"ಇದು ಯಾವ ಓಪನಿಂಗ್ರೀ ಶಂಕ್ರಪ್ಪನವರ?"

ಶಂಕ್ರಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ.

"ಎಂಥಾ ಓಪನಿಂಗೋ ರಾಯರ. ನಿಮ್ಮ ಬಾಗಲಾ ತಗದಿತ್ತು, ನಾ ಒಳಗ ಬಂದೆ."